ದೊರೆಯ ಬಾಲ ಮತ್ತು ಎಂಟು ನೀರುದೋಸೆ

ಕಾಪುವಿನ ಲೀಲಾಧರ ತನ್ನ ಐವತ್ತನಾಲ್ಕು ವರ್ಷದ ಬಾಳಿನಲ್ಲಿ ‘ಪ್ರಥಮ’ ಎಂಬ ಶಬ್ದವನ್ನು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಮೇಲೆ ಬಿಟ್ಟರೆ ಬೇರೆಲ್ಲೂ ಹತ್ತಿರದಿಂದ ಕಂಡವನಲ್ಲ. ಶಾಲೆಯ ಓಟದಲ್ಲಿ ಮೂವರು ಓಡಿದರು, ಇವನು ಮೂರನೆಯವನಾದ. ವಾರಿಜಾಳನ್ನು ನೋಡಲು ಬಂದ ಗಂಡುಗಳಲ್ಲಿ ಇವನು ಐದನೆಯವನು ಎಂಬುದನ್ನು ಅವಳ ಅಣ್ಣ ಶೇಖರ ಪ್ರತಿ ಹಬ್ಬದ ಊಟದಲ್ಲೂ ಪಾಯಸದ ಹೊತ್ತಿಗೆ ತಪ್ಪದೆ ನೆನಪಿಸುತ್ತಾನೆ. ಶಾರ್ಜಾದ ಗೋದಾಮಿನಲ್ಲಿ ಇಪ್ಪತ್ತೊಂದು ವರ್ಷ ಪೆಟ್ಟಿಗೆಗಳ ಮೇಲೆ ಚೀಟಿ ಅಂಟಿಸಿ ಊರಿಗೆ ಮರಳಿದಾಗ ಅವನು ಬೇರೆಯವರಂತೆ ಬಂಗಾರ ತರಲಿಲ್ಲ. ಸಾಗಾಟದ ಕಾನೂನು ತನಗೆ ಅಂಗೈ ನೆಲ್ಲಿಕಾಯಿ ಎಂಬ ನಂಬಿಕೆಯೊಂದನ್ನು ತಂದ. ನಂಬಿಕೆಗೆ ಕಸ್ಟಮ್ಸಿನವರು ಸುಂಕ ಹಾಕುವುದಿಲ್ಲವಾದ್ದರಿಂದ ಅದು ಯಾವ ಅಡ್ಡಿಯೂ ಇಲ್ಲದೆ ಕಾಪು ತಲುಪಿತು.

ಇಂಥವನ ಮನೆಯ ಹುಂಜಕ್ಕೆ ಕಾರ್ಕಳದ ಕೃಷಿ ಮೇಳದಲ್ಲಿ ಪ್ರಥಮ ಬಹುಮಾನ ಬಂತು.

ಹುಂಜದ ಹೆಸರು ದೊರೆ. ದೊರೆಯಲ್ಲಿ ಕೊಕ್ಕು, ಜುಟ್ಟು, ಕಾಲು ಎಲ್ಲ ಇತರ ಹುಂಜಗಳಿಗೆ ಇರುವಷ್ಟೇ ಇದ್ದವು. ಬಾಲ ಮಾತ್ರ ಹಾಗಲ್ಲ. ನೆರಳಿನಲ್ಲಿ ಕಪ್ಪು, ಬಿಸಿಲಿಗೆ ಬಂದರೆ ಹಸಿರು. ಎರಡು ಉದ್ದ ಗರಿಗಳು ಮೇಲೆದ್ದು ಬಾಗಿ ನೆಲ ಗುಡಿಸುತ್ತಿದ್ದವು. ಆ ಕಾರಣಕ್ಕೆ ಲೀಲಾಧರ ದಿನಕ್ಕೆ ಎರಡು ಸಲ ಅಂಗಳ ಗುಡಿಸುತ್ತಿದ್ದ. ಮದುವೆಯಾಗಿ ಇಪ್ಪತ್ತೆಂಟು ವರ್ಷಗಳಲ್ಲಿ ಗಂಡ ಪೊರಕೆ ಹಿಡಿದದ್ದನ್ನು ವಾರಿಜಾ ಕಂಡದ್ದು ಆಗಲೇ.

ದೊರೆ ಕಾರ್ಕಳಕ್ಕೆ ಹೋದದ್ದು ಧನರಾಜನ ಮೀನಿನ ಟೆಂಪೋದಲ್ಲಿ. ಧನರಾಜ ಪಕ್ಕದ ಮನೆಯವನು, ನಲವತ್ತರ ಆಸುಪಾಸಿನ ಬ್ರಹ್ಮಚಾರಿ. ತಾಯಿ ಬೇಬಿಯಕ್ಕನ ಜೊತೆ ಇರುತ್ತಾನೆ. ದಿನಾ ಬೆಳಿಗ್ಗೆ ಮಲ್ಪೆಯಲ್ಲಿ ಮೀನು ತುಂಬಿಸಿ ಕಾರ್ಕಳದ ಮಾರ್ಕೆಟ್ಟಿಗೆ ಹಾಕಿ ಖಾಲಿ ಟೆಂಪೋದಲ್ಲಿ ಮರಳುತ್ತಾನೆ. ಖಾಲಿ ಟೆಂಪೋ ಎಂದರೆ ಓಣಿಯ ಸೊತ್ತು. ಯಾರದೋ ತವರುಮನೆಯ ಹಲಸಿನಕಾಯಿ, ಯಾರದೋ ಮಂಚ, ಕಪಾಟು, ಒಮ್ಮೆ ಯಾರದೋ ಅತ್ತೆ ಕೂಡ ಅದರಲ್ಲೇ ಬಂದು ಇಳಿದದ್ದುಂಟು. ಬಾಡಿಗೆಯ ಮಾತನ್ನು ಅವನು ಎತ್ತಿದವನಲ್ಲ, ಕೊಡುವ ಧೈರ್ಯ ಓಣಿಯವರು ಮಾಡಿದವರಲ್ಲ. ಆದರೆ ಸಾಮಾನು ಇಳಿದ ಮನೆಯಲ್ಲಿ ಅವನು ಉಣ್ಣದೆ ಹೋಗುವಂತಿಲ್ಲ. ಹೋದರೆ ಆ ಮನೆಗೆ ಅವಮಾನ. ಹದಿನೈದು ವರ್ಷಗಳಿಂದ ಹೀಗೆ ನಡೆದು ಬಂದಿತ್ತು, ಯಾರೂ ಇದನ್ನು ಕಾಗದದ ಮೇಲೆ ಬರೆದಿರಲಿಲ್ಲ.

ಆ ಭಾನುವಾರ ತೀರ್ಪುಗಾರರು ಹನ್ನೊಂದಕ್ಕೇ ದೊರೆಯ ಕೊರಳಿಗೆ ಕೆಂಪು ರಿಬ್ಬನ್ ಕಟ್ಟಿದರು. ಆದರೆ ಶೀಲ್ಡ್ ಕೊಡಬೇಕಾದ ಮುಖ್ಯ ಅತಿಥಿ ಎರಡಕ್ಕೆ ಬರುವುದೆಂದಾಯಿತು. ದೊರೆ ಸೆಕೆಗೆ ಬಾಯಿ ತೆರೆದಿತ್ತು. ಲೀಲಾಧರ ಅದನ್ನು ಬುಟ್ಟಿಯಲ್ಲಿ ಕೂರಿಸಿ ಧನರಾಜನ ಜೊತೆ ಮುಂದೆ ಕಳಿಸಿದ, ತಾನು ಶೀಲ್ಡಿಗಾಗಿ ನಿಂತ. ಮನೆಗೆ ಫೋನ್ ಮಾಡಿ, “ದೊರೆ ಬರ್ತಾ ಉಂಟು ವಾರಿಜಾ, ನಾಲ್ಕು ಜನರನ್ನು ಕರೆ,” ಎಂದ. ವಾರಿಜಾ ಮನಸ್ಸು ದೊಡ್ಡದಿರುವ ಹೆಂಗಸು, ಮೂವತ್ತು ಜನರನ್ನು ಕರೆದಳು.

ನಾಲ್ಕು ಗಂಟೆಗೆ ಲೀಲಾಧರ ಶೀಲ್ಡನ್ನು ಎದೆಗಪ್ಪಿಕೊಂಡು ಬಸ್ಸಿನಿಂದ ಇಳಿದು ಓಣಿಗೆ ಬಂದಾಗ ಆ ಮೂವತ್ತು ಜನರೂ ಅಂಗಳದಲ್ಲಿದ್ದರು. ಎಲ್ಲರೂ ಒಂದೇ ಕಡೆ ನೋಡುತ್ತಾ ನಿಂತಿದ್ದರು. ಹೂಡೆಯಿಂದ ಭಾನುವಾರದ ಊಟಕ್ಕೆಂದು ಬಂದಿದ್ದ ಶೇಖರ ಭಾವ ಮಾತ್ರ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದ.

ತುಳಸಿಕಟ್ಟೆಯ ಹತ್ತಿರ ದೊರೆ ನಿಂತಿತ್ತು. ಕೊರಳಲ್ಲಿ ಕೆಂಪು ರಿಬ್ಬನ್ ಇತ್ತು. ಎದುರಿನಿಂದ ನೋಡಿದರೆ ಪ್ರಥಮ ಬಹುಮಾನವೇ ಹೌದು. ಅದು ತಿರುಗಿತು. ಹಿಂದೆ ಏನೂ ಇರಲಿಲ್ಲ. ಬಾಲ ಇರಬೇಕಾದಲ್ಲಿ ಸುಲಿದ ತೆಂಗಿನಕಾಯಿಯ ಹಾಗೆ ಗುಂಡಗೆ, ಒಂದೆರಡು ನಾರು ಮಾತ್ರ.

“ಧನರಾಜ ಎಲ್ಲಿ?” ಎಂದು ಲೀಲಾಧರ ಕೇಳಿದ.

“ಮನೆಗೆ ಹೋದ. ಊಟ ಮಾಡಿಸಿ ಕಳಿಸಿದೆ,” ಎಂದಳು ವಾರಿಜಾ. “ಪಾಪ, ಬೇಜಾರಲ್ಲಿ ಎಂಟು ನೀರುದೋಸೆ ತಿಂದ.”

“ಬಾಲ ಹೇಗೆ ಹೋಯಿತಂತೆ?”

“ಅದನ್ನು ಹೇಳಲಿಲ್ಲ. ಬಂಗುಡೆ ಮೀನಿನ ಪುಳಿಮುಂಚಿ ಮೂರು ಸಲ ಹಾಕಿದೆ, ಆದರೂ ಬಾಯಿ ಬಿಡಲಿಲ್ಲ.”

ಸಂಜೆ ಧನರಾಜನೇ ಬಂದು ಗೇಟಿನ ಹೊರಗೆ ನಿಂತ. “ತಪ್ಪಾಯ್ತು ಲೀಲಣ್ಣ. ಹಿಂದಿನ ಬಾಗಿಲಿಗೆ ಸಿಕ್ಕಿತು,” ಎಂದ. ಮೀನು ಇಳಿಸಿಯಾದ ಮೇಲೆ ದಾರಿಯಲ್ಲಿ ಹಿಂಬಾಗಿಲು ತೆಗೆಯುವ ಕೆಲಸ ಎಂತ ಇತ್ತು ಎಂದು ಲೀಲಾಧರ ಕೇಳಿದ. ಧನರಾಜ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದಕಿದ.

ವಿಷಯ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಶೇಖರ ಭಾವ ಬಿಡಬೇಕಲ್ಲ? ಅವನು ಜಗಲಿಯಲ್ಲಿ ಕಾಲು ಚಾಚಿಕೊಂಡು, “ಹೋಗಲಿ ಬಿಡು ಲೀಲಾಧರ. ನಿನಗೆ ಪ್ರಥಮ ಬಹುಮಾನ ಬಂದರೂ ಅರ್ಧ ದಾರಿಯಲ್ಲಿ ಅರ್ಧ ಬಿದ್ದು ಹೋಗ್ತದೆ. ಇನ್ನು ಕೋಳಿ ಸುಕ್ಕ ಮಾಡುವುದೇ ಒಳ್ಳೆಯದು,” ಎಂದ. ಇದ್ದ ಮೂವತ್ತು ಮಂದಿಯಲ್ಲಿ ಇಪ್ಪತ್ತೆಂಟು ಮಂದಿ ನಕ್ಕರು.

ಲೀಲಾಧರ ಶೀಲ್ಡನ್ನು ಎತ್ತಿ ಹಿಡಿದ. “ಕಾನೂನು ಉಂಟು ಭಾವ! ಸರಕು ಸಾಗಾಟದಲ್ಲಿ ಜೀವಿಗೆ ಗಾಯ ಆದರೆ ಸುಮ್ಮನೆ ಬಿಡುವ ಕಾಲ ಹೋಯಿತು. ಇಪ್ಪತ್ತೊಂದು ವರ್ಷ ನಾನು ಎಂತ ಕಡಲೆ ತಿಂದದ್ದಾ ಶಾರ್ಜಾದಲ್ಲಿ? ನೋಡ್ತಾ ಇರು, ದೊರೆಯ ಬಾಲಕ್ಕೆ ನ್ಯಾಯ ಸಿಗ್ತದೆ!”

ಬಾಯಿಂದ ಬಿದ್ದ ಮಾತು, ಅದೂ ವಿಡಿಯೋ ನಡೆಯುತ್ತಿದ್ದಾಗ. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ದೊರೆಯನ್ನು ಅದೇ ಬುಟ್ಟಿಯಲ್ಲಿ ಹೊತ್ತುಕೊಂಡು ಪಶು ಆಸ್ಪತ್ರೆಗೆ ಹೋದ. ಡಾಕ್ಟರ್ ಶರ್ಮಿಳಾ ಹುಂಜವನ್ನು ಮೇಜಿನ ಮೇಲೆ ಇಟ್ಟು, ರೆಕ್ಕೆ ಎತ್ತಿ, ಕಾಲು ಎಳೆದು, ಹಿಂಭಾಗಕ್ಕೆ ಔಷಧಿ ಹಚ್ಚಿದರು.

“ಶಾಶ್ವತ ಅಂಗವೈಕಲ್ಯ ಎಂದು ಬರೆದುಕೊಡಿ ಡಾಕ್ಟ್ರೆ. ಜೊತೆಗೆ ಮಾನಸಿಕ ಆಘಾತ,” ಎಂದ ಲೀಲಾಧರ.

“ಗರಿ ಬುಡಸಮೇತ ಬಂದಿದೆ. ಎರಡು ಮೂರು ತಿಂಗಳಲ್ಲಿ ಹೊಸದು ಬರ್ತದೆ,” ಎಂದರು ಡಾಕ್ಟರ್. “ಮಾನಸಿಕ ಆಘಾತ ಎಂತ ಕಾಣುವುದಿಲ್ಲ. ನನ್ನ ಪೆನ್ನಿನ ಮುಚ್ಚಳ ನುಂಗಲು ನೋಡ್ತಾ ಉಂಟು.” ಆಮೇಲೆ ಬುಟ್ಟಿಯ ಕಡೆ ನೋಡಿ, “ಇದರಲ್ಲೇ ಕಳಿಸಿದ್ದಾ? ಈ ತೂತು ಎಂತಕ್ಕೆ?” ಎಂದು ಕೇಳಿದರು.

ಬುಟ್ಟಿಯ ಹಿಂಭಾಗದಲ್ಲಿ ಅಂಗೈಯಗಲದ ತೂತಿತ್ತು. ಲೀಲಾಧರ ಹೆಮ್ಮೆಯಿಂದ ವಿವರಿಸಿದ: “ಅದು ನಾನೇ ಕೊಯ್ದದ್ದು. ಬಾಲ ಒಳಗೆ ಮಡಚಿ ಹೋಗಬಾರದಲ್ಲ? ಹೊರಗೆ ಇದ್ದರೆ ದಾರಿಯಲ್ಲಿ ನಾಲ್ಕು ಜನ ನೋಡಿದ ಹಾಗೂ ಆಯಿತು.”

ಡಾಕ್ಟರ್ ಶರ್ಮಿಳಾ ಕನ್ನಡಕ ತೆಗೆದು ಒರೆಸಿದರು. ಕೋಳಿ ಸಾಗಿಸುವುದಕ್ಕೂ ನಿಯಮಗಳಿವೆ, ಪಂಜರ ಹೇಗಿರಬೇಕು, ಗಾಳಿ ಎಷ್ಟಿರಬೇಕು, ಹೊರಡುವ ಮೊದಲು ಆರೋಗ್ಯದ ಸರ್ಟಿಫಿಕೇಟು ಬೇಕು, ದೇಹದ ಯಾವ ಭಾಗವೂ ಹೊರಗೆ ಚಾಚಿರಬಾರದು ಎಂದು ಸಣ್ಣ ಮಕ್ಕಳಿಗೆ ಹೇಳುವಂತೆ ಹೇಳಿದರು. ಬರೆದುಕೊಟ್ಟ ಚೀಟಿಯಲ್ಲಿ ಎರಡೇ ಸಾಲು ಇದ್ದವು. ‘ಬಾಲದ ಗರಿಗಳಿಲ್ಲ. ಹಸಿವು ಉತ್ತಮವಾಗಿದೆ.’

ಮಂಗಳವಾರ ಪೊಲೀಸ್ ಠಾಣೆ. ಹೆಡ್ ಕಾನ್ಸ್‌ಟೇಬಲ್ ಜಿತೇಂದ್ರ ಮೊದಲು ಕಾಳಗಕ್ಕೆ ಕತ್ತಿ ಕಟ್ಟಿದ ಗುರುತಿದೆಯೇ ಎಂದು ಹುಂಜದ ಕಾಲು ನೋಡಿದರು, ಆಮೇಲೆ ಲೀಲಾಧರನ ಮುಖ ನೋಡಿದರು.

“ಎಲ್ಲಿ ಕೋಳಿ ಅಂಕ ಇತ್ತು?”

“ಅಂಕದ ಕೋಳಿ ಅಲ್ಲ ಸಾರ್! ಇದು ಸೌಂದರ್ಯದ ಕೋಳಿ. ಪ್ರಥಮ ಬಹುಮಾನ ಬಂದದ್ದು.”

“ಇದಕ್ಕಾ?” ಜಿತೇಂದ್ರ ಮೇಜು ಸುತ್ತಿ ಬಂದು ಹಿಂದಿನಿಂದಲೂ ನೋಡಿದರು. “ಎರಡನೆಯ ಬಹುಮಾನ ಬಂದದ್ದು ಹೇಗಿತ್ತು ಮಾರಾಯ್ರೆ?”

ಲೀಲಾಧರ ಶೀಲ್ಡು, ಫೋಟೋ, ಡಾಕ್ಟರ ಚೀಟಿ ಎಲ್ಲವನ್ನೂ ಹರಡಿ, ಬುಟ್ಟಿಗೆ ತೂತು ಕೊಯ್ದಲ್ಲಿಂದ ಹಿಡಿದು ನಡೆದದ್ದನ್ನೆಲ್ಲ ಹೇಳಿದ. ಪ್ರಾಣಿಗೆ ಹಿಂಸೆ ಆಗುವ ರೀತಿಯಲ್ಲಿ ಸಾಗಿಸುವುದು ಅಪರಾಧ ಹೌದೋ ಅಲ್ಲವೋ ಎಂದು ಎದೆಯುಬ್ಬಿಸಿ ಕೇಳಿದ.

“ಹೌದು, ಖಂಡಿತ ಅಪರಾಧ,” ಎಂದು ಜಿತೇಂದ್ರ ಪುಸ್ತಕ ತೆರೆದರು. “ಸಾಗಿಸಿದವನ ಮೇಲೆ ಕೇಸು ಹಾಕಬಹುದು. ಹಾಗೆ ಸಾಗಿಸಲು ಬಿಟ್ಟ ಮಾಲೀಕನ ಮೇಲೂ ಹಾಕಬಹುದು. ಬುಟ್ಟಿಗೆ ತೂತು ಕೊಯ್ದದ್ದು ಯಾರು ಎಂದಿರಿ?”

ಲೀಲಾಧರ ಶೀಲ್ಡನ್ನು ನಿಧಾನವಾಗಿ ಚೀಲಕ್ಕೆ ಹಾಕಿದ.

“ಒಂದನೇ ಆರೋಪಿ ಲೀಲಾಧರ, ಎರಡನೇ ಆರೋಪಿ ಧನರಾಜ ಎಂದು ಬರೆಯಲಾ?”

ಬಾಳಿನಲ್ಲಿ ಮತ್ತೊಮ್ಮೆ ಪ್ರಥಮ ಸ್ಥಾನ ಒದಗಿ ಬಂದಿತ್ತು. ಅದನ್ನು ಬಿಟ್ಟುಕೊಟ್ಟು ಲೀಲಾಧರ, “ದೂರು ಅಲ್ಲ ಸಾರ್, ಸುಮ್ಮನೆ ಮಾಹಿತಿ ಕೇಳಲು ಬಂದದ್ದು,” ಎನ್ನುತ್ತಾ ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಹೊರಬಿದ್ದ.

ಬುಧವಾರ ಉಡುಪಿಗೆ ಹೋದ. ವಕೀಲ ವಲೇರಿಯನ್ ನಲವತ್ತು ವರ್ಷ ಗಡಿ ತಕರಾರು, ಪಾಲುಪಟ್ಟಿ ನೋಡಿ ದಣಿದಿದ್ದ ಮನುಷ್ಯ. ಹುಂಜದ ಕೇಸು ಎಂದೊಡನೆ ಅವರ ಮುಖದಲ್ಲಿ ಹರೆಯ ಮರಳಿತು. ಗುಮಾಸ್ತನಿಗೆ ಚಾ ತರಲು ಹೇಳಿದರು.

“ನಿಮಗೆ ದಾರಿಗಳು ಮೂರು ಉಂಟು,” ಎಂದರು. “ಕ್ರಿಮಿನಲ್ ದಾರಿಯಲ್ಲಿ ಹೋದರೆ ಮೊದಲು ನೀವೇ ಒಳಗೆ ಹೋಗ್ತೀರಿ. ಅದು ಬೇಡ. ವಾಹನ ಅಪಘಾತದ ಪರಿಹಾರ ಕೇಳುವುದಾದರೆ ಬಾಗಿಲು ಹಾಕಿದ್ದನ್ನು ಅಪಘಾತ ಎಂದು ಸಾಧಿಸುವಾಗ ನನಗೆ ಎಂಬತ್ತು ವರ್ಷ ಆಗ್ತದೆ. ಉಳಿದದ್ದು ಗ್ರಾಹಕರ ಆಯೋಗ. ಸೇವೆಯಲ್ಲಿ ಕೊರತೆ! ಅದು ಚಂದದ ದಾರಿ. ಅವನಿಗೆ ಬಾಡಿಗೆ ಎಷ್ಟು ಕೊಟ್ಟಿರಿ?”

“ಬಾಡಿಗೆಯಾ? ಅವನು ತಗೊಳ್ಳುವುದಿಲ್ಲ.”

ವಲೇರಿಯನರ ಮುಖ ಬಾಡಿತು. “ಹಾಗಾದರೆ ನೀವು ಗ್ರಾಹಕರೇ ಅಲ್ಲ. ಪ್ರತಿಫಲ ಕೊಡದೆ ಪಡೆದದ್ದು ಸೇವೆ ಅಲ್ಲ, ಉಪಕಾರ. ಉಪಕಾರದಲ್ಲಿ ಕೊರತೆ ಎಂದು ಕೇಸು ಹಾಕಲು ಆಗುವುದಿಲ್ಲ. ಹಣ ಅಲ್ಲದಿದ್ದರೆ ಬೇರೆ ಎಂತಾದರೂ ಕೊಟ್ಟದ್ದು ಉಂಟಾ? ನೆನಪು ಮಾಡಿ.”

ಲೀಲಾಧರ ನೆನಪು ಮಾಡಿದ. “ಊಟ ಹಾಕಿದ್ದಾಳೆ ನನ್ನ ಹೆಂಡತಿ.”

ವಕೀಲರು ಕುರ್ಚಿಯಿಂದ ಅರ್ಧ ಎದ್ದರು. “ಊಟ! ಸಾಮಾನು ಇಳಿಸಿದ ಮೇಲೆ ಪ್ರತಿ ಸಲ?”

“ಪ್ರತಿ ಸಲ. ಹದಿನೈದು ವರ್ಷದಿಂದ.”

“ಪ್ರತಿಫಲ!” ಎಂದು ವಲೇರಿಯನ್ ಮೇಜು ಗುದ್ದಿದರು. ಚಾ ಚೆಲ್ಲಿತು. “ರೂಢಿಯ ಪ್ರತಿಫಲ! ಎಷ್ಟು ದೋಸೆ, ಎಂತ ಪದಾರ್ಥ, ಒಂದೂ ಬಿಡದೆ ಹೇಳಿ.”

ಲೀಲಾಧರ ಹೇಳಿದ. ಹೇಳುವಾಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕಾನೂನು ತಿಳಿದವರಿಗೆ ಸಾಮಾನ್ಯವಾಗಿ ಕಾಣುವುದಿಲ್ಲ.

ಶುಕ್ರವಾರ ಧನರಾಜನ ಕೈಗೆ ರಿಜಿಸ್ಟರ್ಡ್ ಕಾಗದ ಬಂತು. ಟೆಂಪೋದ ಕಾಗದಪತ್ರ ಏನೇ ಬಂದರೂ ವಾರಿಜಕ್ಕನ ಹತ್ತಿರ ತಂದು ಓದಿಸಿಕೊಳ್ಳುವುದು ಅವನ ಪದ್ಧತಿ. ಇದನ್ನೂ ಹಾಗೆಯೇ ತಂದ. ಒಳಗೆ ದೊರೆಗೆ ಔಷಧಿ ಹಚ್ಚುತ್ತಿದ್ದ ಲೀಲಾಧರನಿಗೆ ಜಗಲಿಯಿಂದ ಹೆಂಡತಿಯ ಗಟ್ಟಿ ಸ್ವರ ಕೇಳಿಸಿತು.

“‘ನನ್ನ ಕಕ್ಷಿದಾರರು ಸದರಿ ಸಾಗಾಟದ ಸೇವೆಗೆ ಪ್ರತಿಫಲವಾಗಿ ಎಂಟು ನೀರುದೋಸೆ, ಮೂರು ಬಾರಿ ಬಡಿಸಲಾದ ಬಂಗುಡೆ ಪುಳಿಮುಂಚಿ ಹಾಗೂ ಒಂದು ಲೋಟ ಚಹಾವನ್ನು ಪಾವತಿಸಿದ್ದು, ತಾವು ಅದನ್ನು ಯಾವುದೇ ತಕರಾರಿಲ್ಲದೆ ಸ್ಥಳದಲ್ಲಿಯೇ ಸ್ವೀಕರಿಸಿರುತ್ತೀರಿ...’”

ಸ್ವರ ನಿಂತಿತು. ಲೀಲಾಧರ ಔಷಧಿಯ ಬಾಟಲಿಗೆ ಮುಚ್ಚಳ ಹಾಕಿದ, ಆಮೇಲೆ ತೆಗೆದ, ಮತ್ತೆ ಹಾಕಿದ.

“ನಾನು ತಿಂದದ್ದು ಬಾಡಿಗೆಯಾ ವಾರಿಜಕ್ಕ?” ಎಂದು ಧನರಾಜ ಕೇಳಿದ.

ವಾರಿಜಾ ಕಾಗದವನ್ನು ಅವನ ಕೈಗಿಟ್ಟಳು. ಧನರಾಜ ಕಾಗದ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು ಇಳಿದು ಹೋದ. ಅವನು ಆ ಜಗಲಿಯಿಂದ ಚಾ ಕುಡಿಯದೆ ಇಳಿದದ್ದು ಅದೇ ಮೊದಲು.

ಮಧ್ಯಾಹ್ನ ಲೀಲಾಧರ ಊಟಕ್ಕೆ ಕುಳಿತ. ಬಟ್ಟಲು ಬಂತು, ಅನ್ನ ಬರಲಿಲ್ಲ.

“ಇವತ್ತು ಎಂತ ಸಾಗಿಸಿದ್ದೀರಿ ನೀವು?” ಎಂದು ವಾರಿಜಾ ಕೇಳಿದಳು.

“ನಾನಾ? ಎಂತ ಇಲ್ಲ.”

“ಈ ಮನೆಯಲ್ಲಿ ಊಟ ಈಗ ಬಾಡಿಗೆ ಅಲ್ವಾ? ವಕೀಲರು ಬರೆದಿದ್ದಾರೆ. ಹಿತ್ತಿಲಲ್ಲಿ ಹನ್ನೆರಡು ತೆಂಗಿನಕಾಯಿ ಬಿದ್ದಿದೆ. ಸಾಗಿಸಿ ಬನ್ನಿ, ಅನ್ನ ಹಾಕ್ತೇನೆ. ದಾರಿಯಲ್ಲಿ ಒಂದು ಒಡೆದರೆ ಮೀನು ಇಲ್ಲ.”

ಅವನು ಹನ್ನೆರಡನ್ನೂ ಹೊತ್ತು ತಂದ. ವಾರಿಜಾ ಎಣಿಸಿ ನೋಡಿ ಬಡಿಸಿದಳು. ಆಮೇಲೆ ಅವನೆದುರು ಕುಳಿತಳು. ಸಿಟ್ಟು ಇಳಿದಿತ್ತು. “ನನ್ನ ಅಮ್ಮ ಸಾಯುವಾಗಲೂ ಬಂದವರಿಗೆ ಊಟ ಆಯಿತಾ ಎಂದೇ ಕೇಳಿದ್ದು. ಈ ಮನೆಗೆ ಬಂದು ಇಪ್ಪತ್ತೆಂಟು ವರ್ಷ ಆಯಿತು, ನನ್ನ ಕೈಯ ಊಟಕ್ಕೆ ಯಾರೂ ರೇಟು ಕಟ್ಟಿರಲಿಲ್ಲ. ನೀವು ಕಟ್ಟಿದಿರಿ. ಅದೂ ಆ ಧನರಾಜನ ಎದುರು.”

ಲೀಲಾಧರ ಏನೋ ಹೇಳಲು ಹೋದ. ಅಷ್ಟರಲ್ಲಿ ಓಣಿಯಲ್ಲಿ ಗಲಾಟೆ ಎದ್ದಿತು.

ಧನರಾಜ ಇನ್ನು ಯಾರ ಸಾಮಾನನ್ನೂ ತರುವುದಿಲ್ಲ, ಯಾರ ಮನೆಯಲ್ಲೂ ಉಣ್ಣುವುದಿಲ್ಲ ಎಂದು ಹೇಳಿಬಿಟ್ಟಿದ್ದ. ಮೂರನೇ ಮನೆಯ ಆಲಿಸ್‌ಬಾಯಿಯ ಹೊಲಿಗೆ ಮಿಷನು ಕಾರ್ಕಳದಲ್ಲಿ ಅವರ ತಂಗಿಯ ಮನೆಯಲ್ಲಿ ಉಳಿಯಿತು. ಅವರು ಗೇಟಿನ ಹತ್ತಿರ ನಿಂತು, “ಲೀಲಾಧರರೇ, ನಿಮ್ಮ ಕೋಳಿಯ ಹಿಂದೆ ಗರಿ ಇಲ್ಲದಿದ್ದರೆ ನನ್ನ ರವಿಕೆ ಹೊಲಿಯುವುದು ನಿಲ್ಲಬೇಕಾ?” ಎಂದು ಕೇಳಿದರು. ಯಾರದೋ ಮಗಳ ಬಾಣಂತನದ ತೊಟ್ಟಿಲು ಬೆಳ್ಮಣ್ಣಿನಲ್ಲಿ ನಿಂತಿತ್ತು. ತೊಟ್ಟಿಲಿಗೆ ಕಾಯುವ ಮಗು ಇಲ್ಲಿ ಅಳುತ್ತಿತ್ತು. ಟೆಂಪೋ ಓಣಿಯಲ್ಲಿ ಖಾಲಿಯಾಗಿಯೇ ನಿಂತಿರುವುದನ್ನು ನೋಡಿ ಜನ ಲೀಲಾಧರನ ಮನೆಯ ಕಡೆ ತಿರುಗಿ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಬೇಬಿಯಕ್ಕ ಸ್ಟೀಲಿನ ಡಬ್ಬಿಯೊಂದನ್ನು ಎರಡೂ ಮನೆಗಳ ನಡುವಿನ ಗೋಡೆಯ ಮೇಲೆ ಇಟ್ಟರು. “ಎಂಟು ನೀರುದೋಸೆ ಉಂಟು. ಬಂಗುಡೆ ಉಂಟು. ಚಾ ಫ್ಲಾಸ್ಕಿನಲ್ಲಿ ಉಂಟು,” ಎಂದರು, ಯಾರ ಮುಖವನ್ನೂ ನೋಡದೆ. “ನನ್ನ ಮಗ ಬಾಡಿಗೆ ತಿಂದವ ಆಗಬಾರದು. ವಾಪಸ್ ತಗೊಳ್ಳಿ.”

“ಬೇಬಿಯಕ್ಕ, ಉಂಡದ್ದನ್ನು ಯಾರಾದರೂ ವಾಪಸ್ ಕೊಡ್ತಾರಾ? ನಾನು ಮುಟ್ಟುವುದಿಲ್ಲ,” ಎಂದಳು ವಾರಿಜಾ.

ಲೀಲಾಧರ ಗಾಬರಿಯಿಂದ ವಕೀಲರಿಗೆ ಫೋನ್ ಮಾಡಿದ. “ಮುಟ್ಟಬೇಡಿ!” ಎಂದು ವಲೇರಿಯನ್ ಆ ಕಡೆಯಿಂದ ಕಿರುಚಿದರು. “ಪ್ರತಿಫಲ ವಾಪಸ್ ತಗೊಂಡರೆ ಕೇಸು ಸತ್ತಿತು. ಒಂದು ದೋಸೆಯನ್ನೂ ಸ್ವೀಕರಿಸಬೇಡಿ.”

ಹೀಗೆ ಒಬ್ಬಳು ಮರ್ಯಾದೆಗೆ, ಒಬ್ಬ ಕಾನೂನಿಗೆ, ಇನ್ನೊಬ್ಬರು ಮಗನ ಹೆಸರಿಗೆ ಅಂಜಿ ಡಬ್ಬಿಯನ್ನು ಗೋಡೆಯ ಮೇಲೆಯೇ ಬಿಟ್ಟರು. ಓಣಿಯ ಜನ ಕೆಲಸ ಬಿಟ್ಟು ಅದನ್ನು ನೋಡುತ್ತಾ ನಿಂತರು. ಹತ್ತು ಗಂಟೆಗೆ ಒಂದು ಕಾಗೆ ಬಂದು ಡಬ್ಬಿಯ ಮುಚ್ಚಳ ಬೀಳಿಸಿತು. ಆಗ ದೊರೆ ಅಂಗಳದಿಂದ ಹಾರಿ ಗೋಡೆ ಏರಿತು. ಬಾಲವಿಲ್ಲದ್ದರಿಂದ ತೂಕ ತಪ್ಪಿ ಒಮ್ಮೆ ಮುಂದಕ್ಕೆ ಮುಗ್ಗರಿಸಿತು, ಸಾವರಿಸಿಕೊಂಡಿತು, ಕಾಗೆಯನ್ನು ಓಡಿಸಿತು. ಆಮೇಲೆ ಎಲ್ಲರೆದುರು ನೀರುದೋಸೆ ತಿನ್ನತೊಡಗಿತು.

ಒಂದೂ ಬಿಡಲಿಲ್ಲ. ಹಸಿವು ಉತ್ತಮವಾಗಿದೆ ಎಂದು ಡಾಕ್ಟರು ಬರೆದದ್ದು ಸುಳ್ಳಲ್ಲ.

ಲೀಲಾಧರ ಸಂಗತಿಯನ್ನು ಫೋನಿನಲ್ಲಿ ವಕೀಲರಿಗೆ ಹೇಳಿದ. “ಗಾಯಾಳುವೇ ನ್ಯಾಯಾಲಯದ ಹೊರಗೆ ರಾಜಿ ಮಾಡಿಕೊಂಡ ಹಾಗೆ ಆಯಿತಲ್ಲ,” ಎಂದರು. “ಸೋಮವಾರ ಎರಡೂ ಕಡೆಯವರು ನನ್ನ ಆಫೀಸಿಗೆ ಬನ್ನಿ. ಊಟದ ಬಗ್ಗೆ ನಿಮ್ಮ ಹೆಂಡತಿಯ ಹೇಳಿಕೆ ಬೇಕು. ಅದೊಂದು ಗಟ್ಟಿ ಇದ್ದರೆ ಇನ್ನೂ ಉಸಿರು ಉಂಟು.”

ಸೋಮವಾರ ಎಲ್ಲರೂ ಒಂದೇ ಬಸ್ಸಿನಲ್ಲಿ ಉಡುಪಿಗೆ ಹೋದರು. ವಾರಿಜಾ ಬೇಬಿಯಕ್ಕನ ಪಕ್ಕ ಕುಳಿತಳು. ಧನರಾಜ ಡ್ರೈವರನ ಹಿಂದೆ ನಿಂತ. ಲೀಲಾಧರ ಹುಂಜವನ್ನು ಮಡಿಲಲ್ಲಿಟ್ಟುಕೊಂಡು ಒಬ್ಬನೇ ಹಿಂದಿನ ಸೀಟಿನಲ್ಲಿ ಕುಳಿತ. ಶೇಖರ ಭಾವ ಹೂಡೆಯಿಂದ ನೇರವಾಗಿ ಆಫೀಸಿಗೇ ಬಂದು ಒಳ್ಳೆಯ ಕುರ್ಚಿ ಹಿಡಿದಿದ್ದ.

ವಲೇರಿಯನ್ ಕೋಟು ಸರಿಪಡಿಸಿಕೊಂಡರು. “ವಾರಿಜಾ ಅವರೇ, ಆ ದಿನ ಧನರಾಜನಿಗೆ ನೀವು ಬಡಿಸಿದ ಊಟ ಹುಂಜ ತಂದದ್ದಕ್ಕೆ ಪ್ರತಿಯಾಗಿ ಕೊಟ್ಟದ್ದು. ಹೌದಾ?”

ವಾರಿಜಾ ಎದ್ದು ನಿಂತಳು. ಕೂತೇ ಹೇಳಬಹುದು ಎಂದರೂ ಕೇಳಲಿಲ್ಲ.

“ಅಲ್ಲ. ಬರೆದುಕೊಳ್ಳಿ. ಹುಂಜ ತರದಿದ್ದರೂ ಹಾಕ್ತಿದ್ದೆ. ಬಾಲ ತಂದಿದ್ದರೂ ಅಷ್ಟೇ, ಬಾಲ ತರದಿದ್ದರೂ ಅಷ್ಟೇ. ನೀವು ಈಗ ನಮ್ಮ ಮನೆಗೆ ಬಂದರೆ ನಿಮಗೂ ಹಾಕ್ತೇನೆ, ನೀವು ಇಂಥ ಕಾಗದ ಬರೆದವರಾದರೂ. ಬಾಡಿಗೆಗೆ ಅಡುಗೆ ಮಾಡಿದರೆ ನನಗೆ ನೀರುದೋಸೆ ಕಾವಲಿಯಿಂದ ಏಳುವುದೇ ಇಲ್ಲ.”

ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದ. ವಲೇರಿಯನ್ ಪೆನ್ನಿನ ಮುಚ್ಚಳ ಹಾಕಿದರು. ಕೇಸು ಅಲ್ಲಿಗೆ ಮುಗಿದಿತ್ತು. ಆದರೂ ನಲವತ್ತು ವರ್ಷದ ಅಭ್ಯಾಸ, ಅವರು ಧನರಾಜನ ಕಡೆ ತಿರುಗಿದರು.

“ನೀನು ಒಂದು ವಿಷಯ ಹೇಳು. ದಾರಿಯಲ್ಲಿ ಹಿಂಬಾಗಿಲು ತೆಗೆದದ್ದು ಎಂತಕ್ಕೆ?”

ಧನರಾಜ ತಾಯಿಯ ಮುಖ ನೋಡಿದ. ಬೇಬಿಯಕ್ಕ, “ಹೇಳು ಮಗ,” ಎಂದರು.

“ತೋರಿಸಲಿಕ್ಕೆ,” ಎಂದ ಧನರಾಜ.

“ಎಂತ ತೋರಿಸಲಿಕ್ಕೆ?”

“ದೊರೆಯನ್ನು. ಬೆಳ್ಮಣ್ಣಿನಲ್ಲಿ ಚಾ ಕುಡಿಯಲು ನಿಲ್ಲಿಸಿದೆ. ಅಲ್ಲಿ ಗುರ್ತದವರು ಇದ್ದರು. ಬಾಗಿಲು ತೆಗೆದು ತೋರಿಸಿದೆ. ಪಡುಬಿದ್ರಿಯಲ್ಲಿ ಚಾ ಬೇಡ ಇತ್ತು, ಆದರೂ ನಿಲ್ಲಿಸಿದೆ. ಆಮೇಲೆ ಎಲ್ಲೂರಿಗೆ ಹೋಗುವ ಕ್ರಾಸಿನಲ್ಲಿ ತುಂಬ ಜನ ಇದ್ದರು. ಅಲ್ಲೂ ತೆಗೆದೆ. ಗಡಿಬಿಡಿಯಲ್ಲಿ ಹಾಕುವಾಗ ಬಾಲ ಸಿಕ್ಕಿತು.” ಅವನ ಸ್ವರ ಸಣ್ಣದಾಯಿತು. “ಬೇರೆಯವರ ಹುಂಜ ಹಿಡಿದುಕೊಂಡು ನಾನು ಮೆರೆದದ್ದಲ್ವಾ? ನಾಚಿಕೆಯಾಯಿತು. ಅದಕ್ಕೆ ಹೇಳಲಿಲ್ಲ.”

ಶೇಖರ ಭಾವ ನಗಲು ಬಾಯಿ ತೆರೆದ. ಬೇರೆ ಯಾರೂ ನಗದ ಕಾರಣ ಆಕಳಿಸಿದ.

ಲೀಲಾಧರ ಹುಂಜವನ್ನು ಕೆಳಗೆ ಬಿಟ್ಟು ಎದ್ದ. “ಎಲ್ಲೂರು ಕ್ರಾಸಿನಲ್ಲಿ ಎಷ್ಟು ಜನ ಇದ್ದರು?”

“ಒಂದು ಇಪ್ಪತ್ತೈದು.”

“ಅವರಿಗೆ ಎಂತ ಹೇಳಿದಿ?”

“ನಮ್ಮ ಲೀಲಣ್ಣನ ಹುಂಜ, ಕಾರ್ಕಳದಲ್ಲಿ ಪ್ರಥಮ ಎಂದೆ.”

“ಯಾರ ಹುಂಜ ಎಂದಿ?”

“ನಮ್ಮ ಲೀಲಣ್ಣನ.”

“ಅವರು ಎಂತ ಹೇಳಿದರು?”

“ಯಾವ ಲೀಲಣ್ಣ ಎಂದು ಕೇಳಿದರು. ಶಾರ್ಜಾದಲ್ಲಿ ಇದ್ದವರು, ಸಾಗಾಟದ ಕಾನೂನು ಎಲ್ಲ ಗೊತ್ತುಂಟು ಅವರಿಗೆ ಎಂದೆ.”

ಐವತ್ತನಾಲ್ಕು ವರ್ಷಗಳಲ್ಲಿ ಲೀಲಾಧರನ ಹೆಸರು ಹೇಳಲಿಕ್ಕೆಂದು ಯಾರೂ ಯಾವ ಕ್ರಾಸಿನಲ್ಲೂ ವಾಹನ ನಿಲ್ಲಿಸಿದವರಿರಲಿಲ್ಲ. ಅವನ ಕಣ್ಣು ತುಂಬಿ ಬಂತು. ಹೆಂಡತಿಯ ಮುಂದೆ, ಭಾವನ ಮುಂದೆ, ಗುಮಾಸ್ತನ ಮುಂದೆ ಅದನ್ನು ಒರೆಸಿಕೊಳ್ಳಲೂ ಇಲ್ಲ. ಧನರಾಜನ ಹತ್ತಿರ ಹೋಗಿ ಅವನ ಅಂಗಿಯ ಕಿಸೆಯಿಂದ ನೋಟೀಸನ್ನು ತೆಗೆದು ನಾಲ್ಕು ತುಂಡು ಮಾಡಿದ.

“ಇದರ ನಕಲು ನನ್ನ ಫೈಲಿನಲ್ಲಿ ಉಂಟು,” ಎಂದರು ವಲೇರಿಯನ್, ಕಾನೂನಿನ ದೃಷ್ಟಿಯಿಂದ. ಆಮೇಲೆ ತಾವೇ ಅದನ್ನೂ ತೆಗೆದುಕೊಟ್ಟರು. “ಅಪ್ರೂಪದ ಕೇಸು ಇತ್ತು,” ಎಂದು ಒಂದು ಸಲ ನಿಟ್ಟುಸಿರು ಬಿಟ್ಟರು.

ಆ ರಾತ್ರಿ ಧನರಾಜ ವಾರಿಜಾಳ ಮನೆಯಲ್ಲಿ ಉಂಡ. ಎಷ್ಟು ದೋಸೆ ತಿಂದ ಎಂದು ಯಾರೂ ನೋಡಲಿಲ್ಲ.

ಮರುದಿನ ಕಾರ್ಕಳದಿಂದ ಮರಳುವ ಟೆಂಪೋದಲ್ಲಿ ಆಲಿಸ್‌ಬಾಯಿಯ ಹೊಲಿಗೆ ಮಿಷನು ಇತ್ತು, ಬೆಳ್ಮಣ್ಣಿನ ತೊಟ್ಟಿಲು ಇತ್ತು. ಮುಂದಿನ ಸೀಟಿನಲ್ಲಿ ಲೀಲಾಧರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ದೊರೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ. ಎಲ್ಲೂರು ಕ್ರಾಸ್ ಬಂದಾಗ, “ನಿಲ್ಲಿಸು,” ಎಂದ.

“ಬೇಡ ಲೀಲಣ್ಣ. ಬಾಲ ಇಲ್ಲ, ನಗ್ತಾರೆ.”

“ನಿಲ್ಲಿಸು ಮಾರಾಯ.”

ಹೋಟೆಲಿನ ಎದುರು ಹದಿನೈದಿಪ್ಪತ್ತು ಜನ ಇದ್ದರು. ಟೆಂಪೋ ಕಂಡು ಹತ್ತಿರ ಬಂದರು. “ಇದೇ ಅಲ್ವಾ ಫಸ್ಟ್ ಬಂದ ಹುಂಜ? ಬಾಲ ಎಲ್ಲಿ?” ಎಂದು ಒಬ್ಬ ಕೇಳಿದ.

“ಹುಂಜದ ವಿಷಯ ಇರಲಿ,” ಎಂದು ಲೀಲಾಧರ ಕೆಳಗಿಳಿದ. ಆಚೆ ಬದಿಗೆ ಹೋಗಿ ಬಾಗಿಲು ತೆಗೆದು ಡ್ರೈವರನನ್ನು ಕೈ ಹಿಡಿದು ಇಳಿಸಿದ. ಧನರಾಜನ ಅಂಗಿಯ ಮೇಲೆ ಮೀನಿನ ಹುರುಪೆ ಅಂಟಿತ್ತು. ಲೀಲಾಧರ ಅವನನ್ನು ಎಲ್ಲರಿಗೂ ಕಾಣುವಂತೆ ಬಿಸಿಲಿನಲ್ಲಿ ನಿಲ್ಲಿಸಿದ. “ಮೊದಲು ಇವನನ್ನು ನೋಡಿ. ಇವನು ನಮ್ಮ ಧನರಾಜ. ಪ್ರಥಮ.”

ಧನರಾಜ ಕಿವಿಯವರೆಗೆ ಕೆಂಪಾಗಿ, “ಎಂತ ಲೀಲಣ್ಣ ಇದು, ಬನ್ನಿ ಹೋಗುವ,” ಎಂದು ಅಂಗಿ ಎಳೆದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಇವರಿಗೆ ಯಾವ ಸ್ಪರ್ಧೆಯಲ್ಲಿ ಬಂದದ್ದು ಬಹುಮಾನ?” ಎಂದು ಒಬ್ಬ ಹಿರಿಯರು ಕೇಳಿದರು.

“ಸ್ಪರ್ಧೆ ನಡೆಯಲಿಲ್ಲ ಮಾರಾಯ್ರೆ,” ಎಂದ ಲೀಲಾಧರ. “ಸ್ಪರ್ಧೆಗೆ ಇಂಥವನು ಇನ್ನೊಬ್ಬ ಬೇಕಲ್ಲ? ಸಿಗಲಿಲ್ಲ.”